ಯೆಶಾಯನ ಮಾತು ಮೊದಲು ಆಹಾಜನಿಗೆ
ಹೆಣ್ಣೊಬ್ಬಳು ಗರ್ಭಿಣಿಯಾಗಿ ಮಗನನ್ನು ಹೆರುವಳೆನ್ನುವ ಬೈಬಲಿನ ಯೆಶಾಯ 7:14ನೇ ವಚನಕ್ಕೆ ಯೇಸುವಿನ ಜನನವಲ್ಲದೆ ಬೇರೆ ಅರ್ಥವೇ ಇಲ್ಲವೆಂಬ ಲೇಖಕರೊಬ್ಬರ ನಿಲುವನ್ನು ಒಪ್ಪುವುದು ಕಷ್ಟ. ಕ್ರಿ.ಪೂ. 8ನೇ ಶತಮಾನದಲ್ಲಿ ಅರಾಮ್ (ಪ್ರಾಚೀನ ಸಿರಿಯ) ಮತ್ತು ಇಸ್ರೇಲಿನ ಅರಸರು ಒಟ್ಟಾಗಿ ಯೆರೂಸಲೇಮಿನ ಮೇಲೆ ದಂಡೆತ್ತಿ ಬಂದಾಗ, ಗಾಳಿಗೆ ಸಿಕ್ಕ ಕಾಡುಮರಗಳಂತೆ ನಡುಗಿದ ಯೆಹೂದದ ಅರಸ ಆಹಾಜನಿಗೆ ಪ್ರವಾದಿ ಕೊಟ್ಟ ಗುರುತು ಅದು. ಹುಟ್ಟುವ ಮಗುವಿಗೆ ಒಳಿತು ಕೆಡುಕು ತಿಳಿಯುವ ಮೊದಲೇ ಆ ಇಬ್ಬರ ನಾಡು ಪಾಳುಬೀಳುವುದೆಂದು 16ನೇ ವಚನವೇ ಹೇಳುತ್ತದೆ. ಆ ವಚನದಲ್ಲಿ ತಾಯಿಯನ್ನು ಕರೆದ ಹೀಬ್ರೂವಿನ ‘ಅಲ್ಮಾ’ ಎಂದರೆ ಹರೆಯದ ಹೆಣ್ಣು. ಗ್ರೀಕ್ ಅನುವಾದದಲ್ಲಿ ಅದು ‘ಪಾರ್ಥೆನೋಸ್’, ಅಂದರೆ ಸಾಮಾನ್ಯವಾಗಿ ಕನ್ಯೆ, ಎಂದಾಯಿತು, ಯೇಸುವಿನ ಜನನವನ್ನು ಹೇಳುವಾಗ ಸುವಾರ್ತೆಯಲ್ಲಿ ಮತ್ತಾಯನು ಉದ್ಧರಿಸಿದ್ದು ಆ ರೂಪವನ್ನೇ. ಹಾಗೆಂದು ಕ್ರೈಸ್ತರೇ ಪಠ್ಯವನ್ನು ತಿದ್ದಿದರೆನ್ನುವುದೂ ಸಲ್ಲದು, ಏಕೆಂದರೆ ಆ ಅನುವಾದ ಯೇಸುವಿಗಿಂತ ಮೊದಲಿನ ಯೆಹೂದ್ಯರದ್ದು. 2ನೇ ಶತಮಾನದ ಕ್ರೈಸ್ತ ಚಿಂತಕ ಜಸ್ಟಿನ್ ಮಾರ್ಟರ್ ಯೆಹೂದ್ಯರೊಡನೆ, ಸ್ವಾರಸ್ಯವೆಂದರೆ, ಈ ಪದದ ಮೇಲೂ ವಾದಿಸಿದ್ದನು.