ಕೊಂಬಿಲ್ಲದ ದನ

ಠಾಣೆಯಲ್ಲಿರುವ ನನ್ನ ಮಗಳ ಮನೆಯಲ್ಲಿ, ಬಚ್ಚಲಿನ ಬಾಗಿಲ ನೆತ್ತಿಯ ಮೇಲೆ, ಈ ಕಡೆಯವರು ಪೋಟಮಾಳಾ ಎಂದು ಕರೆಯುವ ಒಂದು ಅಟ್ಟವಿದೆ. ಚಕ್ರ ಕಳಚಿದ ಸೂಟ್‌ಕೇಸು, ಗಣಪತಿಯ ಮಂಟಪ, ಬಿಚ್ಚಿಟ್ಟ ತೊಟ್ಟಿಲು, ಎಂದಾದರೂ ಬೇಕಾದೀತೆಂದು ಉಳಿಸಿಕೊಂಡ ಮಿಕ್ಸರಿನ ರಟ್ಟಿನ ಪೆಟ್ಟಿಗೆ, ಇವೆಲ್ಲ ಅಲ್ಲಿರುವುದು ನನಗೆ ಮೊದಲೇ ತಿಳಿದಿತ್ತು. ನಾನು ಕೈಯಾರೆ ತಯಾರಿಸಿ ಮೊಮ್ಮಗಳಿಗೆ ಕೊಟ್ಟ ಉಡುಗೊರೆಗಳೂ ಅಲ್ಲಿಯೇ ವಾಸವಾಗಿವೆ ಎಂಬುದು ತಿಳಿದದ್ದು ಹೋದ ವರ್ಷ ಚೌತಿಯ ಹಿಂದಿನ ದಿನ, ಮಂಟಪವನ್ನು ಇಳಿಸಿಕೊಡಲು ನಾನೇ ಸ್ಟೂಲು ಹತ್ತಿದಾಗ. ಕೆಳಗೆ ಸ್ಟೂಲು ಹಿಡಿದು ನಿಂತಿದ್ದ ಮಗಳು ಒಂದು ಕ್ಷಣ ಸುಮ್ಮನಿದ್ದು, “ಧೂಳು ಕೂಡಬಾರದಂತ ಮ್ಯಾಲೆ ಇಟ್ಟೇವಿ ಅಪ್ಪಾ” ಎಂದಳು. ಅವುಗಳ ಮೇಲಿದ್ದ ಧೂಳಿನಲ್ಲಿ ಬೆರಳಿನಿಂದ ನನ್ನ ಸಹಿ ಮಾಡಬಹುದಾಗಿತ್ತು.

ಧಾರವಾಡದಿಂದ ಬಂದು ಡೊಂಬಿವಲಿಯಲ್ಲಿ ನೆಲೆಸಿದ ನಾನು ಬ್ಯಾಂಕಿನ ಕೆಲಸದಿಂದ ನಿವೃತ್ತನಾಗುವವರೆಗೆ ಕಾಗದ, ಅಂಟು, ಸೂಜಿಗಳೊಡನೆ ಇಟ್ಟುಕೊಂಡಿದ್ದ ಸಂಬಂಧವೆಂದರೆ ವೋಚರುಗಳಿಗೆ ಟಾಚಣಿ ಚುಚ್ಚುವಷ್ಟರದು. ಮೊಮ್ಮಗಳು ಧನುರ್ಮಾಸದಲ್ಲಿ ಹುಟ್ಟಿದ್ದರಿಂದ ಎಲ್ಲರ ಬಾಯಲ್ಲಿ ಧನು ಆದಳು. ಅಂಗಡಿಯ ಆಟಿಕೆಯನ್ನು ಯಾರು ಬೇಕಾದರೂ ಕೊಟ್ಟಾರು, ಅಜ್ಜನಾದವನು ಅವಳ ಹೆಸರು ಹಾಕಿ ತನ್ನ ಕೈಯಿಂದ ಏನಾದರೂ ಮಾಡಿ ಕೊಡಬೇಕು ಎಂಬ ಹುಕಿ ನನಗೆ ಆಗ ಹತ್ತಿತು. ನಮ್ಮ ಮನೆತನದಲ್ಲಿ ಯಾರಾದರೂ ಪ್ರೀತಿಯಿಂದ ಕೊಟ್ಟದ್ದನ್ನು ಎದುರಿಗೇ ಹಳಿಯುವ ವಾಡಿಕೆಯಿಲ್ಲ. ಚೆನ್ನಾಗಿದ್ದರೆ “ಛಲೋ ಆಗೇದ” ಎನ್ನುತ್ತಾರೆ. ಇಲ್ಲದಿದ್ದರೆ “ಎಷ್ಟು ತ್ರಾಸು ತೊಗೊಂಡ್ರಿ” ಎನ್ನುತ್ತಾರೆ. ಕಳೆದ ಐದು ವರ್ಷಗಳಲ್ಲಿ ನಾನು ತೆಗೆದುಕೊಂಡ ತ್ರಾಸಿನ ಬಗ್ಗೆ ಬಂಧುಬಳಗದಲ್ಲಿ ಎರಡು ಮಾತಿಲ್ಲ.

ಮೊದಲನೆಯ ತ್ರಾಸು ಕಾಗದದ ಆನೆ. ಬೆನ್ನಿನ ಮೇಲೊಂದು ಸೀಳಿರಬೇಕು, ಮಗು ಅದರಲ್ಲಿ ನಾಣ್ಯ ಹಾಕಿ ಉಳಿತಾಯದ ಪಾಠ ಕಲಿಯಬೇಕು ಎಂಬುದು ನನ್ನೊಳಗಿನ ಬ್ಯಾಂಕಿನವನ ಆಸೆ. ಹಳೆಯ ಪೇಪರುಗಳನ್ನು ಎರಡು ದಿನ ನೆನೆಹಾಕಿ, ರುಬ್ಬಿ, ಮೈದಾ ಅಂಟಿನೊಡನೆ ಕಲಸಿ, ಊದಿದ ಬಲೂನಿನ ಮೇಲೆ ಮೆತ್ತಿದೆ. ಈ ಕೆಲಸಕ್ಕೆ ಬೇಕಾದದ್ದು ಬಿಸಿಲು. ನಾನು ಆರಿಸಿಕೊಂಡದ್ದು ಜುಲೈ. ಒಗೆದ ಬನಿಯನ್ನೇ ಮೂರು ದಿನ ಫ್ಯಾನಿನ ಕೆಳಗೆ ತೂಗಾಡುವ ಮುಂಬಯಿಯ ಮಳೆಗಾಲದಲ್ಲಿ ಅಷ್ಟು ಒದ್ದೆ ಕಾಗದ ಒಣಗುವುದೆಂತು? ಐದನೆಯ ದಿನ ಆನೆಯ ಮೈಮೇಲೆ ಬೆಳ್ಳನೆಯ ನವಿರಾದ ಕೂದಲು ಕಾಣಿಸಿಕೊಂಡಿತು, ಎಂಟನೆಯ ದಿನ ಅದು ಹಸಿರಾಯಿತು. “ಇದು ಆನಿ ಅಲ್ರೀ, ಕರಡಿ” ಎಂದು ಹೆಂಡತಿ ತೀರ್ಪು ಕೊಟ್ಟಳು. ಅವ್ವ ಬಿದಿರಿನ ಬುಟ್ಟಿಗೆ ಕಾಗದದ ಮುದ್ದೆ ಬಳಿಯುವಾಗ, ಹುಳ ಹಿಡಿಯದಿರಲೆಂದು ಮೆಂತ್ಯ ಅರೆದು ಸೇರಿಸುತ್ತಿದ್ದುದು ನನಗೆ ನೆನಪಾದದ್ದು ಒಂಬತ್ತನೆಯ ದಿನ. ತಡವಾದರೂ ಇರಲೆಂದು ಮೇಲಿನಿಂದ ಬಳಿದ ಮೆಂತ್ಯದ ದೆಸೆಯಿಂದ ಆ ಆನೆ ಇಂದಿಗೂ ಉಪ್ಪಿನಕಾಯಿಯ ಜಾಡಿಯ ಹಾಗೆ ನಾರುತ್ತದೆ.

ಹೆಸರು ಬರೆದ ಮಗ್ಗಿನ ವಿಷಯದಲ್ಲಿ ಕೆಟ್ಟದ್ದು ಹವೆಯಿಂದಲ್ಲ, ನನ್ನ ಜ್ಞಾನದಿಂದ. ಮಗ್ಗಿನ ಮೇಲೆ ಚಿತ್ರ ಮೂಡಿಸುವವರು ಅದನ್ನು ಮೊದಲು ಕಾಗದದ ಮೇಲೆ ಕನ್ನಡಿಯ ಬಿಂಬದಂತೆ ತಿರುಗುಮುರುಗಾಗಿ ಮುದ್ರಿಸಿ, ಆ ಕಾಗದವನ್ನು ಮಗ್ಗಿಗೆ ಸುತ್ತಿ, ಸುಮಾರು 180ರಿಂದ 200 ಡಿಗ್ರಿ ಶಾಖದಲ್ಲಿ ಒತ್ತಿ ಹಿಡಿಯುತ್ತಾರೆ. ಆಗ ಬಣ್ಣ ಕಾಗದದಿಂದ ಮಗ್ಗಿಗೆ ಇಳಿದು ಅಕ್ಷರಗಳು ನೆಟ್ಟಗಾಗುತ್ತವೆ. ಇದನ್ನು ಎಲ್ಲಿಯೋ ಓದಿಕೊಂಡಿದ್ದ ನಾನು, ಕನ್ನಡ ಬಾರದ ಅಂಗಡಿಯವನಿಗೆ ತೊಂದರೆಯಾಗದಿರಲೆಂದು, ‘ಧನು’ ಎಂಬುದನ್ನು ಮೊದಲೇ ತಿರುಗುಮುರುಗಾಗಿ ಬರೆದು ಒಯ್ದುಕೊಟ್ಟೆ. ಅವನು ತನ್ನ ಪದ್ಧತಿಯಂತೆ ಇನ್ನೊಮ್ಮೆ ತಿರುಗಿಸಿದ. ಆ ಮಗ್ಗನ್ನು ಈಗ ಅಳಿಯಂದಿರು ದಾಡಿ ಮಾಡಿಕೊಳ್ಳುವ ನೀರಿಗೆ ಇಟ್ಟುಕೊಂಡಿದ್ದಾರೆ. ಅವರೆದುರಿನ ಕನ್ನಡಿಯಲ್ಲಿ ಹೆಸರು ಸ್ಪಷ್ಟವಾಗಿ, ಸರಿಯಾಗಿ ಕಾಣುತ್ತದೆ. ಅಳಿಯಂದಿರು ಮರಾಠಿಯವರಾದ್ದರಿಂದ ಅವರಿಗೆ ಎರಡೂ ಒಂದೇ.

ಆಕಾಶಕಂದೀಲಿನದು ಮಾತ್ರ ಬೇರೆಯೇ ಕಥೆ, ಏಕೆಂದರೆ ಅದು ಚೆನ್ನಾಗಿಯೇ ಆಗಿತ್ತು. ದೀಪಾವಳಿಗೆ ಮುಂಚೆ ಮಾಹೀಮಿನ ಕಂದೀಲು ಗಲ್ಲಿಗೆ ಹೋದರೆ ಗಲ್ಲಿ ತುಂಬ ತೂಗುಹಾಕಿದ ಕಂದೀಲುಗಳು ಸಿಕ್ಕುತ್ತವೆ, ಆದರೆ ಕೊಂಡು ತಂದದ್ದನ್ನು ನನ್ನದೆಂದು ಹೇಳಿಕೊಳ್ಳುವುದು ಹೇಗೆ? ಕ್ರಾಫರ್ಡ್ ಮಾರ್ಕೆಟ್ಟಿನ ಹತ್ತಿರದ ಅಬ್ದುಲ್ ರೆಹಮಾನ್ ರಸ್ತೆಯವರೆಗೆ ಹೋಗಿ ಬಣ್ಣದ ಕಾಗದ ತಂದೆ. ಬಿದಿರಿನ ಕಡ್ಡಿಗಳನ್ನು ಸೀಳಿ, ದಾರದಿಂದ ಬಿಗಿದು, ಕೆಂಪು ಹಳದಿ ಪತಂಗದ ಕಾಗದ ಅಂಟಿಸಿ, ಕೆಳಗೆ ಉದ್ದನೆಯ ಬಾಲಗಳನ್ನು ಇಳಿಬಿಟ್ಟೆ. ಮೂರು ಬೆರಳಿಗೆ ಸಿಬಿರು ಹೊಕ್ಕಿತ್ತೆನ್ನುವುದನ್ನು ಬಿಟ್ಟರೆ ಯಾವ ಅವಘಡವೂ ಆಗಲಿಲ್ಲ. ಹಾಗಾದ ಸಂತೋಷದಲ್ಲಿ ಬುದ್ಧಿ ಮಂಕಾಯಿತೆಂದು ಕಾಣುತ್ತದೆ: ಧನತ್ರಯೋದಶಿಯ ಬೆಳಿಗ್ಗೆ ಎಂಟೂವರೆಗೆ, ಅಂದರೆ ಊರಿಗೂರೇ ಕಚೇರಿಗೆ ಹೊರಡುವ ಹೊತ್ತಿಗೆ, ಎರಡಡಿ ಅಗಲದ ಕಂದೀಲನ್ನು ಹಿಡಿದುಕೊಂಡು ನಾನು ಡೊಂಬಿವಲಿಯ ಪ್ಲಾಟ್‌ಫಾರ್ಮಿನಲ್ಲಿ ಫಾಸ್ಟ್ ಲೋಕಲಿಗಾಗಿ ನಿಂತೆ. ಆ ಹೊತ್ತಿನ ಲೋಕಲಿಗೆ ನಾವು ಹತ್ತುವುದಿಲ್ಲ, ಹತ್ತಿಸಲ್ಪಡುತ್ತೇವೆ. ಒಳಗೆ ಹೋಗುತ್ತಲೇ ಯಾರೋ ಪುಣ್ಯಾತ್ಮರು “ಕಾಕಾ, ಮೇಲೆ ಕೊಡಿ” ಎಂದು ಕಂದೀಲನ್ನು ನನ್ನ ಕೈಯಿಂದ ತೆಗೆದುಕೊಂಡರು. ಅದು ತಲೆಗಳ ಮೇಲೆ, ಕೈಯಿಂದ ಕೈಗೆ, ಪಲ್ಲಕ್ಕಿಯಲ್ಲಿ ಉತ್ಸವಮೂರ್ತಿ ಸಾಗುವಂತೆ ಬಾಗಿಲ ಬಳಿಗೆ ಸಾಗಿತು. ಠಾಣೆ ಬಂದಾಗ ಬಾಗಿಲಿನಲ್ಲಿದ್ದವರು, “ಠಾಣೆ, ಠಾಣೆ” ಎಂಬ ನನ್ನ ಕೂಗನ್ನು ಕೇಳಿ, ಅದನ್ನು ಜೋಪಾನವಾಗಿ ಪ್ಲಾಟ್‌ಫಾರ್ಮಿನ ಮೇಲೆ ಇಳಿಸಿದರು. ನನ್ನನ್ನು ಇಳಿಸುವವರು ಯಾರೂ ಇರಲಿಲ್ಲ. ಕಂದೀಲು ಠಾಣೆಯಲ್ಲಿ ಉಳಿಯಿತು, ನಾನು ಘಾಟ್ಕೋಪರಿಗೆ ಹೋದೆ.

ವಾಪಸು ಬರುವಷ್ಟರಲ್ಲಿ ಮುಕ್ಕಾಲು ಗಂಟೆಯಾಗಿತ್ತು. ವಾರಸುದಾರರಿಲ್ಲದ ವಸ್ತುಗಳನ್ನು ಮುಟ್ಟಬೇಡಿರೆಂದು ನಮ್ಮ ನಿಲ್ದಾಣಗಳಲ್ಲಿ ಎಡೆಬಿಡದೆ ಸಾರುತ್ತಿರುತ್ತಾರಾದ್ದರಿಂದ ಜನ ಅದರ ಸುತ್ತ ಗೌರವದ ಅಂತರವನ್ನು ಬಿಟ್ಟು ನಡೆದಾಡುತ್ತಿದ್ದರು. ಅಷ್ಟು ವಿಶಾಲವಾದ ಖಾಲಿ ಜಾಗವನ್ನು ಆ ಪ್ಲಾಟ್‌ಫಾರ್ಮಿನಲ್ಲಿ ನಾನು ಹಿಂದೆಂದೂ ಕಂಡಿರಲಿಲ್ಲ. ಪಕ್ಕದಲ್ಲಿ ಪೊಲೀಸನೊಬ್ಬ ನಿಂತಿದ್ದ. ಇದು ನನ್ನದೆಂದು ಹೇಳಿದಾಗ, ಏನಿದು ಎಂದು ಕೇಳಿದ. ಆಕಾಶಕಂದೀಲು ಎಂದೆ. ಅವನು ಅದನ್ನು ಒಮ್ಮೆ ಸುತ್ತುವರಿದು ನೋಡಿ, “ಸ್ವತಃ ಮಾಡಿದ್ದೇ?” ಎಂದು ಕೇಳಿದ, ಆ ಪ್ರಶ್ನೆಯಲ್ಲಿ ಅಷ್ಟು ಕರುಣೆ ಇರಬೇಕಾಗಿರಲಿಲ್ಲ. ನಿಶ್ಚಿಂತೆಯಿಂದ ಅದನ್ನು ಎತ್ತಿಕೊಳ್ಳಲು ಬಾಗಿದಾಗ ನನ್ನದೇ ಕಂಕುಳಲ್ಲಿದ್ದ ಕೊಡೆಯ ಮೊನೆ ಅದರ ಹೊಟ್ಟೆಯನ್ನು ಹೊಕ್ಕಿತು.

ಅಟ್ಟದ ಮೇಲೆ ಇವನ್ನೆಲ್ಲ ಒಟ್ಟಿಗೆ ಕಂಡ ದಿನವೇ ನಾನು ನಿಶ್ಚಯಿಸಿದೆ: ಈ ಸಲ ಅಟ್ಟಕ್ಕೆ ಏರಿಸಲಾಗದ ವಸ್ತುವನ್ನು ಮಾಡಬೇಕು. ಹಾಸಿ ಹೊದೆಯುವಂಥದ್ದಾದರೆ ಮಂಚದ ಮೇಲೆಯೇ ಇರಬೇಕಲ್ಲವೇ? ಹೀಗೆ ನಾನು ಕೌದಿಗೆ ಬಂದೆ. ಇಲ್ಲಿಯವರು ಗೋಧಡಿ ಎನ್ನುವ ಕೌದಿ ನಮ್ಮ ಸೀಮೆಯಲ್ಲಿ ಯಾರೂ ಕೊಳ್ಳುತ್ತಿದ್ದ ವಸ್ತುವಲ್ಲ. ಸವೆದ ಸೀರೆ ಧೋತರಗಳನ್ನು ಪದರಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನಿಟ್ಟು, ಸೂಜಿಯನ್ನು ಮೇಲೆ ಕೆಳಗೆ ಆಡಿಸುತ್ತ ಸಾಲುಸಾಲಾಗಿ ಹೊಲಿದರೆ ಆಯಿತು. ಅವ್ವ ಮಧ್ಯಾಹ್ನದ ಹೊತ್ತು ನೆರೆಹೊರೆಯವರ ಜಗಳಗಳ ವಿಚಾರಣೆ ನಡೆಸುತ್ತಲೇ ಕೌದಿ ಹೊಲಿಯುತ್ತಿದ್ದಳು, ಸೂಜಿಯ ಕಡೆಗೆ ನೋಡುತ್ತಲೂ ಇರಲಿಲ್ಲ. ನೋಡದೆಯೇ ಆಗುವ ಕೆಲಸ ನೋಡಿಕೊಂಡು ಮಾಡಿದರೆ ಇನ್ನೂ ಚೆನ್ನಾಗಿ ಆಗಬೇಕು ಎಂಬುದು ನನ್ನ ತರ್ಕ.

ಎಲ್ಲಿಂದ ಆರಂಭಿಸಬೇಕು ಎಂಬಲ್ಲಿಯೇ ಎಡವಿದೆ. ಯಲ್ಲಾಪುರ, ಹಳಿಯಾಳಗಳ ಕಡೆಯ ಸಿದ್ದಿ ಹೆಂಗಸರು ತಮ್ಮ ಕವಂದಿಯನ್ನು ಅಂಚಿನಿಂದ ಶುರುಮಾಡಿ ಸುತ್ತುತ್ತ ನಡುವಿನ ಕಡೆಗೆ ಹೊಲಿಯುತ್ತಾರೆ, ಮೂಲೆಗಳಿಗೆ ಫುಲಾ ಎಂಬ ಮೂರು ಮೂಲೆಯ ಬಟ್ಟೆಯ ಹೂಗಳನ್ನಿಡದಿದ್ದರೆ ಕವಂದಿ ಬತ್ತಲೆಯೆಂದೇ ಅವರ ಲೆಕ್ಕ. ಮೊಬೈಲಿನಲ್ಲಿ ವಿಡಿಯೊ ಮಾಡಿ ಕಲಿಸುವವರು ಇದಕ್ಕೆ ತದ್ವಿರುದ್ಧವಾಗಿ ನಡುವಿನಿಂದ ಅಂಚಿಗೆ ಹೋಗಿರೆಂದು ಬೋಧಿಸುತ್ತಾರೆ. ಯಾರ ಮನಸ್ಸನ್ನೂ ನೋಯಿಸಬಾರದೆಂದು ನಾನು ಎರಡು ಕಡೆಯಿಂದಲೂ ಹೊಲಿಯುತ್ತ ಬಂದೆ. ಎರಡೂ ಹೊಲಿಗೆಗಳು ತಮ್ಮ ಮುಂದಿದ್ದ ಬಟ್ಟೆಯನ್ನೆಲ್ಲ ತಳ್ಳಿಕೊಂಡು ಬಂದು ಒಂದೆಡೆ ಎದುರುಬದುರಾದವು, ಆ ಜಾಗದಲ್ಲಿ ಖಂಡಾಲಾ ಘಾಟನ್ನು ಹೋಲುವ ಒಂದು ದಿಣ್ಣೆ ಎದ್ದಿತು. ಬಿಚ್ಚಿ ಹೊಲಿಯಲು ದಸರೆಯವರೆಗೆ ಬೇಕಾಯಿತು. ಅಂಗುಸ್ತಾನ ತೊಟ್ಟ ಬೆರಳನ್ನು ಬಿಟ್ಟು ಉಳಿದ ಒಂಬತ್ತಕ್ಕೂ ಸೂಜಿ ಚುಚ್ಚಿತು.

ಇನ್ನು ಹೆಸರು. ಕೆಂಪು ರೇಷ್ಮೆಯಲ್ಲಿ ಅಕ್ಷರಗಳನ್ನು ಕತ್ತರಿಸಿ ಕೌದಿಯ ಮೇಲೆ ಹೊಲಿಯಬೇಕೆಂದಿದ್ದೆ. ಹೆಂಡತಿ ತೆಗೆದಿಟ್ಟಿದ್ದ ಹಳೆಯ ಬಟ್ಟೆಗಳ ಗಂಟಿನ ಮೇಲೆಯೇ ಒಂದು ಇಳಕಲ್ಲ ಸೀರೆ ಇತ್ತು, ಸೆರಗಂತೂ ನನಗೆ ಬೇಕಾದಂಥದ್ದೇ ಕೆಂಪು. ಅದು ಗಂಟಿನ ಮೇಲಿತ್ತೇ ಹೊರತು ಗಂಟಿನದಾಗಿರಲಿಲ್ಲ ಎಂಬ ಸೂಕ್ಷ್ಮ ಭೇದ ನನಗೆ ತಿಳಿದದ್ದು, ತೋಪು ತೆನೆಯ ಆ ಸೆರಗಿನಿಂದ ಮೂರು ಗೇಣು ಕತ್ತರಿಸಿ ಆದ ಮೇಲೆ. ಇಸ್ತ್ರಿಗೆ ಕಳಿಸಲೆಂದು ಅವಳು ಅಲ್ಲಿಟ್ಟಿದ್ದಳಂತೆ. ಅವಳ ತವರಿನವರು ಸೀಮಂತಕ್ಕೆ ಉಡಿಸಿದ ಸೀರೆಯಂತೆ. ಅವಳು ಬೈಯಲಿಲ್ಲ. ನಾಲ್ಕು ದಿನ ಊಟಕ್ಕೆ ಬಡಿಸುವಾಗ ‘ರೀ’ ಎನ್ನಲಿಲ್ಲ, ಅಷ್ಟೇ.

ರೇಷ್ಮೆಯ ನೂಲು ಬಿಚ್ಚಿಕೊಳ್ಳುತ್ತಿದ್ದುದರಿಂದ ‘ಧ’ಕಾರದ ಹೊಟ್ಟೆ ಸೀಳುವ ಸಾಹಸಕ್ಕೆ ಆಗ ಕೈಹಾಕಲಿಲ್ಲ, ಕಡೆಗೆ ನಿಧಾನವಾಗಿ ಸೀಳಿದರಾಯಿತೆಂದು ‘ದ’ಕಾರವನ್ನೇ ಹೊಲಿದಿಟ್ಟೆ. ಜಾಗ ಸಾಲದೆ ‘ನು’ ಬಲದಂಚಿಗೆ ತೀರ ಹತ್ತಿರ ಹೋಯಿತು. ಹುಟ್ಟುಹಬ್ಬದ ಹಿಂದಿನ ರಾತ್ರಿ ಅವಸರದಲ್ಲಿ ಅಂಚು ಮಡಿಚಿ ಹೊಲಿದು, ನಾಲ್ಕು ಮೂಲೆಗೂ ಫುಲಾ ಇಟ್ಟು, ಮರುದಿನ ಲಗೇಜಿನ ಡಬ್ಬಿಯಲ್ಲಿ, ಹೂವಿನ ಮೂಟೆಗಳ ನಡುವೆ ಕುಳಿತು ಠಾಣೆಗೆ ಹೋದೆವು.

ಧನುವಿಗೆ ನಾನು ಭಾನುವಾರಗಳಂದು ಪಾಟಿಯ ಮೇಲೆ ಕನ್ನಡ ಅಕ್ಷರಗಳನ್ನು ತಿದ್ದಿಸುತ್ತೇನೆ. ಅವಳು ಕೌದಿಯನ್ನು ನೆಲದ ಮೇಲೆ ಹರಡಿ, ಮೊಣಕಾಲೂರಿ ಕುಳಿತು, ಬೆರಳಿಟ್ಟು ಓದಿದಳು: “ದ… ನ… ದನ!” ಮಡಿಚಿದ ಅಂಚು ‘ನು’ವಿನ ಕೊಂಬನ್ನು ನುಂಗಿಬಿಟ್ಟಿತ್ತು. ಅವಳು ಓಡಿಹೋಗಿ ಅಪ್ಪನಿಗೆ ಮರಾಠಿಯಲ್ಲಿ, ಅಜ್ಜ ತನಗೊಂದು ಆಕಳನ್ನು ಕೊಟ್ಟಿದ್ದಾರೆಂದು ಸಾರಿದಳು. ಮಗಳು ನನ್ನ ಮುಖ ನೋಡಿ, “ಅಪ್ಪಾ, ಎಷ್ಟು ತ್ರಾಸು…” ಎಂದು ಆರಂಭಿಸುವಷ್ಟರಲ್ಲಿ ಹೆಂಡತಿ, “ದನ ಅಂತೂ ಆತು, ಅದರ ಕೊಂಬ ಎಲ್ಲೆ ಹೋತು?” ಎಂದಳು. ಹೆಂಡತಿ ಹೇಳಿದ ಕೊಂಬು ಅಕ್ಷರದ್ದು, ಮೊಮ್ಮಗಳಿಗೆ ಕೇಳಿಸಿದ ಕೊಂಬು ಆಕಳದ್ದು. ಕೊಂಬು ಬೇಕೇ ಬೇಕೆಂದು ಹಟ ಶುರುವಾಯಿತು.

ಅಲ್ಲಿಯೇ ಕತ್ತರಿ ಬೇಡಿ, ಅಂಚಿನ ಹೊಲಿಗೆ ಬಿಚ್ಚಿ, ಒಳಗಿದ್ದ ಕೊಂಬನ್ನು ಹೊರಗೆಳೆದೆ. ಈಗ ಹೆಸರು ‘ದನು’ ಎಂದಾಯಿತು. ಪುರಾಣ ಪ್ರವಚನಗಳನ್ನು ತಪ್ಪದೆ ಕೇಳುವ ನನ್ನ ಹೆಂಡತಿ, ದನು ಎಂದರೆ ಕಶ್ಯಪನ ಹೆಂಡತಿ, ದಾನವರ ತಾಯಿ, ಹುಟ್ಟುಹಬ್ಬದ ದಿನ ಮಗುವಿಗೆ ಆ ಹೆಸರೇ ಎಂದು ಎದೆಯ ಮೇಲೆ ಕೈಯಿಟ್ಟುಕೊಂಡಳು. “ಏನೂ ಗಾಬರಿಯಿಲ್ಲ, ಹೊಟ್ಟೆಯೊಂದು ಸೀಳಿದರೆ ಎಲ್ಲ ಸರಿಹೋಗುತ್ತದೆ” ಎಂದು ನಾನು ಕತ್ತರಿಯನ್ನು ‘ದ’ಕಾರದ ಬುಡಕ್ಕೆ ಒಯ್ದೆ.

ಧನು ಕಿಟಾರನೆ ಕಿರುಚಿ ಕೌದಿಯ ಮೇಲೆ ಬೋರಲು ಬಿದ್ದಳು. ಕಟ್ಟಡದ ಎರಡು ಮಹಡಿಗಳ ಜನ ಏನಾಯಿತೆಂದು ವಿಚಾರಿಸಿಕೊಂಡು ಹೋದರು. ಅಜ್ಜ ತನ್ನ ಆಕಳಿನ ಹೊಟ್ಟೆ ಸೀಳಲಿಕ್ಕೆ ಹೊರಟಿದ್ದಾರೆಂದು ಅವಳು ಬಿಕ್ಕುತ್ತ ಎಲ್ಲರಿಗೂ ಹೇಳಿದಳು. ಮಹಾಪ್ರಾಣವೆಂದರೇನೆಂದು ಆ ಹೊತ್ತಿನಲ್ಲಿ ಯಾರಿಗೆ ವಿವರಿಸುವುದು? ಅದು ಹೋಯಿತು, ದನದ ಪ್ರಾಣ ಉಳಿಯಿತು. ಏಸಿಯನ್ನು 18 ಡಿಗ್ರಿಗೆ ಇಳಿಸಿದರೆ ಮಾತ್ರ ಕೌದಿ ಬೇಕಾಗುವ ಈ ಊರಿನಲ್ಲಿ ಅವಳು ಪ್ರತಿ ರಾತ್ರಿ ಅದನ್ನು ಹೊದ್ದುಕೊಂಡೇ ಮಲಗುತ್ತಾಳಂತೆ. ಕರೆಂಟಿನ ಬಿಲ್ಲು ಏರಿರುವುದಾಗಿ ಅಳಿಯಂದಿರು ಬಹಳ ಮರ್ಯಾದೆಯಿಂದ ತಿಳಿಸಿದ್ದಾರೆ.

ಮೊನ್ನೆ ಭಾನುವಾರ ಫೋನಿನಲ್ಲಿ, “ಅಜ್ಜಾ, ಆಕಳದ ಬಾಲ ಎಲ್ಲೆ ಅದ?” ಎಂದು ಕೇಳಿದಳು. ಬಾಲವನ್ನು ಎಂಥ ಬಟ್ಟೆಯಿಂದ ಮಾಡುವುದೆಂದು ನಾನು ಗಟ್ಟಿಯಾಗಿ ಯೋಚಿಸುತ್ತಿದ್ದೆನೆಂದು ಕಾಣುತ್ತದೆ. ಹೆಂಡತಿ ಟ್ರಂಕು ತೆರೆದು, ಇಳಕಲ್ಲ ಸೆರಗಿನ ಉಳಿದ ತುಂಡನ್ನು ನನ್ನ ಮುಂದೆ ಇಟ್ಟಳು.

“ತೊಗೋರಿ” ಎಂದಳು. “ಉಳಿದ ಗಂಟಿಗೆ ಮಾತ್ರ ಕೈ ಹಚ್ಚಬ್ಯಾಡ್ರಿ.”