ಅಧ್ಯಕ್ಷರಿಲ್ಲದ ಗುಂಪಿನ ದುರ್ಗ ಯಾತ್ರೆ

ತುಮಕೂರಿನ ಅಮಾನಿಕೆರೆಯ ಬಳಿ ಬೆಳಗ್ಗೆ ವಾಕಿಂಗ್ ಮಾಡುವ ನಮ್ಮ ಗುಂಪಿಗೆ ಅಧ್ಯಕ್ಷರೂ ಇಲ್ಲ, ಕಾರ್ಯದರ್ಶಿಯೂ ಇಲ್ಲ ಎಂಬುದನ್ನು ನಾವು ಹೊರಗಿನವರ ಮುಂದೆ ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತೇವೆ. ಹುದ್ದೆ ಖಾಲಿ ಇದ್ದ ಮಾತ್ರಕ್ಕೆ ಅಧಿಕಾರವೂ ಖಾಲಿ ಬಿದ್ದಿರುತ್ತದೆಂದು ಮಾತ್ರ ಯಾರೂ ತಿಳಿಯಬಾರದು. ನಾಲ್ಕು ಜನ ಸೇರಿ ಕಾಫಿಗೆ ಹೋಗೋಣವೆಂದರೂ ಸಾಕು, ಒಬ್ಬರು ಆಗಲೇ ಮುಂದೆ ನಡೆದಿರುತ್ತಾರೆ, ಇನ್ನೊಬ್ಬರು ಆ ಹೋಟೆಲು ಬೇಡವೆಂದಿರುತ್ತಾರೆ, ಮತ್ತೊಬ್ಬರು ಸದ್ದಿಲ್ಲದೆ ಬಿಲ್ಲು ಕೊಟ್ಟು ಬಂದಿರುತ್ತಾರೆ.

ಹೀಗಿರುವಾಗ ದೇವರಾಯನದುರ್ಗಕ್ಕೆ ಹೋಗಿ ಬರುವ ಮಾತು ಬಂತು. ಊರಿನಿಂದ 15 ಕಿಲೋಮೀಟರ್ ಆಸುಪಾಸಿನಲ್ಲಿರುವ ಬೆಟ್ಟಕ್ಕೆ ನಾಯಕತ್ವದ ಅಗತ್ಯವೇ ಇಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ನಿವೃತ್ತ ಹೆಡ್‌ಮೇಷ್ಟ್ರು ಎಲ್ಲರಿಗಿಂತ ಮೊದಲು ಬಾಯಿ ತೆರೆದರು. ಗುಂಪಿನಲ್ಲಿ ಹೆಚ್ಚು ಹೊತ್ತು ಮಾತನಾಡುವವರನ್ನೇ ಉಳಿದವರು ನಾಯಕರೆಂದು ಒಪ್ಪಿಕೊಳ್ಳುವುದುಂಟು ಎಂದು ಮನಶ್ಶಾಸ್ತ್ರಜ್ಞರು ಹೇಳುತ್ತಾರೆ. ಆಡಿದ ಮಾತಿನಲ್ಲಿ ತಿರುಳಿರಲೇಬೇಕೆಂದೇನೂ ಇಲ್ಲವಂತೆ. “ಆರಕ್ಕೆ ಗಾಡಿ ಹೊರಡುತ್ತದೆ, ತಡವಾದವರು ನಡೆದು ಬರಲಿ” ಎಂದು ಮೇಷ್ಟ್ರ ಅಪ್ಪಣೆಯಾಯಿತು. ಆರಕ್ಕೆ ನಾವೆಲ್ಲರೂ ಹಾಜರಿದ್ದೆವು, ಗಾಡಿಯೊಂದು ಇರಲಿಲ್ಲ, ಏಕೆಂದರೆ ಡ್ರೈವರಿಗೆ ಹೇಳುವವರು ಯಾರೆಂಬುದು ಅಪ್ಪಣೆಯಲ್ಲಿ ಸೇರಿರಲಿಲ್ಲ.

ಜರ್ಮನಿಯಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್ ಮತ್ತು ಅವರ ಸಂಗಡಿಗರು 1939ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಹತ್ತು ವರ್ಷದ ಆಸುಪಾಸಿನ ಹುಡುಗರ ಗುಂಪುಗಳನ್ನು ಕಟ್ಟಿ, ದರ್ಪದ ನಾಯಕ, ಎಲ್ಲರನ್ನೂ ಕೇಳಿ ನಡೆಯುವ ನಾಯಕ, ಯಾವುದಕ್ಕೂ ಕೈ ಹಾಕದ ನಾಯಕ, ಈ ಮೂವರ ಕೈಯಲ್ಲೂ ಅವರನ್ನಿಟ್ಟು ನೋಡಿದರಂತೆ. ದರ್ಪದವನು ಕೋಣೆಯಿಂದ ಹೊರಗೆ ಹೋದೊಡನೆ ಹುಡುಗರ ಕೆಲಸ ಸಡಿಲವಾಗುತ್ತಿತ್ತು. ನಮ್ಮ ಮೇಷ್ಟ್ರು ಫೋನು ಹಿಡಿದು ಆಚೆ ಸರಿದ ಕೂಡಲೇ ಅವರು ಮಾಡಿಸಿದ್ದ ಸಾಲು ಚದುರಿ, ಅರ್ಧ ಜನ ಟೀ ಅಂಗಡಿಯಲ್ಲಿದ್ದರು. ನಮ್ಮಲ್ಲಿ ಬಹುಪಾಲು ಮಂದಿ ಅರವತ್ತು ದಾಟಿದವರು ಎಂಬುದಷ್ಟೇ ವ್ಯತ್ಯಾಸ.

ಎಲ್ಲರನ್ನೂ ಕೇಳಿ ನಡೆಯುವವರೇ ಮೇಲೆಂದು ಆ ಅಧ್ಯಯನ ಓದಿದವರು ಹೇಳಬಹುದು, ಆದರೆ ಅವರು ನಮ್ಮ ಬ್ಯಾಂಕಿನ ಮೇಡಂ ಜೊತೆ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನಲು ಹೋದವರಲ್ಲ. ತಿಂದು ಬೆಟ್ಟಕ್ಕೆ ಹೋಗುವುದೋ, ದರ್ಶನ ಮುಗಿಸಿ ತಿನ್ನುವುದೋ ಎಂದು ಮೇಡಂ ಗಾಡಿಯಲ್ಲೇ ಕೈ ಎತ್ತಿಸಿದರು. ಎರಡೂ ಕಡೆ ಸಮ ಬಂತು. ಆಗ ಕಟ್ಟಿಸಿಕೊಂಡು ಹೋಗುವ ಮೂರನೆಯ ಸಲಹೆಯನ್ನು ಅವರೇ ಮುಂದಿಟ್ಟರು, ಚಟ್ನಿ ಹಳಸುತ್ತದೆಂದು ತಕರಾರು ಬಂತು, ತಕರಾರಿಗೂ ಗೌರವ ಕೊಡಬೇಕೆಂದು ಮತ್ತೊಮ್ಮೆ ಕೈ ಎತ್ತಿಸಿದರು. ಒಮ್ಮತ ಮೂಡಿ ಎಲ್ಲರೂ ಇಳಿಯುವ ವೇಳೆಗೆ ಹೋಟೆಲಿನವನು, “ಇಡ್ಲಿ ಆಗೋಯ್ತು ಸಾರ್, ಇನ್ನೊಂದು ಹಬೆ ಇಳಿಯೋಕೆ ಅರ್ಧ ಗಂಟೆ” ಎಂದ. ಕಂಟ್ರಾಕ್ಟರ್ ಸಾಹೇಬರು ಇಷ್ಟಕ್ಕೂ “ನೀವೆಲ್ಲ ಹೆಂಗಂದ್ರೆ ಹಂಗೆ” ಎನ್ನುತ್ತಲೇ ಇದ್ದರು. ಗಾಡಿಯ ಮುಂಗಡ ಕೊಡುವುದನ್ನೂ ಅವರು ಹಾಗೆಯೇ ನಮಗೆ ಬಿಟ್ಟಿದ್ದರೆಂಬುದು ಆಮೇಲೆ ತಿಳಿಯಿತು.

ಯೋಗ ನರಸಿಂಹನ ಗುಡಿಗೆ ಹತ್ತುವ ಮೆಟ್ಟಿಲಿನ ಬಳಿ ಪುಳಿಯೋಗರೆಯ ಡಬ್ಬಿಯನ್ನು ಎಲ್ಲಿಡಬೇಕೆಂದು ಮೇಷ್ಟ್ರು ಆಜ್ಞೆ ಮಾಡಿದರು, ಮೇಡಂ ಅಭಿಪ್ರಾಯ ಕೇಳಿದರು, ಅಷ್ಟರಲ್ಲಿ ಯಾರ ಅಭಿಪ್ರಾಯವನ್ನೂ ಕೇಳದ ಕೋತಿಯೊಂದು ಡಬ್ಬಿಯನ್ನೇ ಎತ್ತಿಕೊಂಡು ಮರ ಹತ್ತಿತು. ಹೊಣೆ ಯಾರದೆಂಬ ಚರ್ಚೆ ಕಾವೇರಿದಾಗ, ಬೆಳಗಿನಿಂದ ಒಂದು ಮಾತೂ ಆಡದಿದ್ದ ಮೆಡಿಕಲ್ ಸ್ಟೋರ್‌ನವರು ಗಾಡಿಯ ಡಿಕ್ಕಿ ತೆಗೆದು ಇನ್ನೊಂದು ಡಬ್ಬಿ ಇಳಿಸಿದರು. ಡ್ರೈವರಿಗೆ ಫೋನು ಮಾಡಿ ಕರೆಸಿದವರೂ, ಮುಂಗಡ ಕೊಟ್ಟವರೂ ಇವರೇ ಎಂಬುದು ಊಟದ ನಡುವೆ ಹೊರಬಿತ್ತು.

ಮನುಷ್ಯರಲ್ಲಿ ಅಂತರ್ಮುಖಿ, ಬಹಿರ್ಮುಖಿ ಎಂಬ ಎರಡು ಬಗೆಯನ್ನು ಸ್ವಿಸ್ ಮನಶ್ಶಾಸ್ತ್ರಜ್ಞ ಕಾರ್ಲ್ ಯೂಂಗ್ 1921ರಲ್ಲಿಯೇ ವಿವರಿಸಿದ್ದರು. ಕೈಕೆಳಗಿನವರು ತಾವಾಗಿಯೇ ಮುಂದೆ ಬಿದ್ದು ಕೆಲಸ ಮಾಡುವವರಾದರೆ ಅಂತರ್ಮುಖಿಯೇ ಒಳ್ಳೆಯ ನಾಯಕನಾಗುತ್ತಾನೆಂದು, ಅಮೆರಿಕದ ಪಿಜ್ಜಾ ಅಂಗಡಿಗಳ ಲಾಭವನ್ನು ಲೆಕ್ಕ ಹಾಕಿ ನೋಡಿದ ಸಂಶೋಧಕರು 2011ರಲ್ಲಿ ಬರೆದರು. ಮುಂದೆ ಬೀಳುವವರಿಗೆ ನಮ್ಮಲ್ಲೇನೂ ಕೊರತೆಯಿಲ್ಲವಾದ್ದರಿಂದ, ಮಧುಗಿರಿ ಬೆಟ್ಟದ ಮುಂದಿನ ಪ್ರವಾಸಕ್ಕೆ ಮೆಡಿಕಲ್‌ನವರೇ ಮುಂದಾಳಾಗಲೆಂದು ನಾನು ಸೂಚಿಸಿದೆ. ಮೇಷ್ಟ್ರು ಅನುಮೋದಿಸಿದರು, ಮೇಡಂ ಕೈ ಎತ್ತಿಸಿದರು. ಮೆಡಿಕಲ್‌ನವರು ತುಂಬ ಸಂಕೋಚದಿಂದ, “ಆ ಭಾನುವಾರ ಅಂಗಡಿಯಲ್ಲಿ ಸ್ಟಾಕ್ ಲೆಕ್ಕ ಇದೆ ಸಾರ್. ಪುಳಿಯೋಗರೆ ಬೇಕಾದರೆ ಕಳಿಸಿಕೊಡ್ತೀನಿ” ಎಂದರು.