ಸಂಸದರಿಗೂ ಒಂದು ಜಮಾಬಂದಿ ಇರಲಿ

2024ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ನಮ್ಮ ಮನೆ ಬಾಗಿಲ ಕಿಂಡಿಯಿಂದ ಮಡಚಿದ ಹಾಳೆಯೊಂದು ಒಳಗೆ ಬಿತ್ತು. ಪಿಜ್ಜಾ ಅಂಗಡಿಯದೋ ಮನೆ ಮಾರುವವರದೋ ಇರಬೇಕು ಅಂದುಕೊಂಡು ಪಕ್ಕಕ್ಕಿಡಲು ಹೋದೆ. ನೋಡಿದರೆ ನಮ್ಮ ಕ್ಷೇತ್ರದ ಎಂಪಿಯ ತಿಂಗಳ ವರದಿ. ನವೆಂಬರಿನಲ್ಲಿ ಪಾರ್ಲಿಮೆಂಟಿನಲ್ಲಿ ಯಾವುದರ ಬಗ್ಗೆ ಮಾತಾಡಿದರು, ಯಾವ ಮಂತ್ರಿಗೆ ಏನು ಕೇಳಿದರು, ಏನು ಉತ್ತರ ಬಂತು, ಕ್ಷೇತ್ರದಲ್ಲಿ ಎಲ್ಲೆಲ್ಲಿ ಹೋದರು ಎಂದು ಎರಡು ಪುಟದಲ್ಲಿತ್ತು. ನಿಂತಲ್ಲೇ ಪೂರ್ತಿ ಓದಿದೆ. ನನಗೆ ತುಂಬಾ ಖುಷಿಯಾಯಿತು. ಹಿಂದೆಯೇ ಹೊಟ್ಟೆಯಲ್ಲಿ ಸಣ್ಣ ಸಂಕಟವೂ ಆಯಿತು. ಊರಿನಲ್ಲಿ ವೋಟು ಹಾಕಿದ ಅಷ್ಟು ವರ್ಷಗಳಲ್ಲಿ ಇಂಥ ಒಂದು ಹಾಳೆ ನಮ್ಮ ಮನೆಗೆ ಬಂದದ್ದು ನನಗೆ ನೆನಪಿಲ್ಲ.

ಇಂಗ್ಲೆಂಡಿನಲ್ಲಿ ಆ ನವೆಂಬರ್ ಸಾಮಾನ್ಯ ತಿಂಗಳಾಗಿರಲಿಲ್ಲ. ಗುಣವಾಗದ ಕಾಯಿಲೆಯಿಂದ ಸಾವಿಗೆ ಹತ್ತಿರವಾದವರು ವೈದ್ಯರ ನೆರವಿನಿಂದ ಜೀವ ಬಿಡಲು ಅವಕಾಶ ಕೊಡುವ ಮಸೂದೆ 29ನೇ ತಾರೀಕು ಓಟಿಗೆ ಬಂದಿತ್ತು. ಪರವಾಗಿ 330, ವಿರುದ್ಧ 275. ಪಕ್ಷಗಳು ಹೀಗೇ ಓಟು ಹಾಕಿ ಎಂದು ಯಾರನ್ನೂ ಕಟ್ಟಿಹಾಕಿರಲಿಲ್ಲ. ಒಬ್ಬೊಬ್ಬರೂ ತಮ್ಮ ಮನಸ್ಸಿಗೆ ತೋಚಿದಂತೆ ನಿರ್ಧರಿಸಬೇಕಿತ್ತು. ನಮ್ಮ ಎಂಪಿ ಅದಕ್ಕೆ ಮುಂಚೆ ಚರ್ಚಿನ ಹಾಲ್‌ನಲ್ಲಿ ಸಭೆ ಕರೆದು ಜನರ ಮಾತು ಕೇಳಿದ್ದರು. ಪಕ್ಕದ ಮನೆಯ ಅಜ್ಜಿ ನಿವೃತ್ತ ನರ್ಸ್. ಅವರು ಹೋಗಿ ತಮ್ಮ ಅನುಭವವನ್ನೆಲ್ಲ ಹೇಳಿ ಬಂದಿದ್ದರು. ಕೊನೆಗೆ ಎಂಪಿ ಓಟು ಹಾಕಿದ್ದು ಅಜ್ಜಿಯ ಅಭಿಪ್ರಾಯಕ್ಕೆ ವಿರುದ್ಧವಾಗಿ. ಆದರೆ ವರದಿಯ ಅರ್ಧ ಪುಟ ಅದಕ್ಕೇ ಮೀಸಲಾಗಿತ್ತು. ಯಾವ ಕಡೆ ಹಾಕಿದೆ, ಯಾಕೆ ಹಾಕಿದೆ, ಯಾರ ಮಾತು ತನ್ನನ್ನು ಜಾಸ್ತಿ ಕಾಡಿತು, ಮುಂದೆ ಏನಾದರೆ ಮನಸ್ಸು ಬದಲಾಯಿಸಬಹುದು ಎಂದೆಲ್ಲ ಬರೆದಿದ್ದರು. ಅಜ್ಜಿಗೆ ಸಿಟ್ಟು ಬಂತು. ಪತ್ರ ಬರೆದರು. ಉತ್ತರ ಬಂತು. ಅದು ಒಪ್ಪಿಗೆಯಾಗದೆ ಇನ್ನೊಂದು ಬರೆದರು. ಅದಕ್ಕೂ ಉತ್ತರ ಬಂತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಸಂಗತಿ. ಒಬ್ಬ ಸಾಮಾನ್ಯ ಮತದಾರರು ಮತ್ತು ಒಬ್ಬ ಎಂಪಿ ಒಂದು ಕಾನೂನಿನ ಬಗ್ಗೆ ಜಗಳ ಆಡಬಹುದು. ಚರಂಡಿ ಬಗ್ಗೆ ಅಲ್ಲ, ಬೀದಿದೀಪದ ಬಗ್ಗೆ ಅಲ್ಲ, ಕಾನೂನಿನ ಬಗ್ಗೆ. ಎಂಪಿಯನ್ನು ಆರಿಸಿ ಕಳಿಸುವುದೇ ಅದಕ್ಕಲ್ವಾ?

ಇಲ್ಲಿನ ಎಂಪಿಗಳ ವಾರಕ್ಕೆ ಒಂದು ಕ್ರಮವಿದೆ. ಸೋಮವಾರದಿಂದ ಗುರುವಾರದ ತನಕ ಲಂಡನ್. ಬುಧವಾರ ಮಧ್ಯಾಹ್ನ 12ಕ್ಕೆ ಪ್ರಧಾನಿಯನ್ನೇ ನಿಲ್ಲಿಸಿ ಪ್ರಶ್ನೆ ಕೇಳುವ ಹೊತ್ತು. ಶುಕ್ರವಾರ ಹೆಚ್ಚಿನವರು ಕ್ಷೇತ್ರದಲ್ಲಿರುತ್ತಾರೆ. ಲೈಬ್ರರಿಯಲ್ಲೋ ಸಮುದಾಯ ಭವನದಲ್ಲೋ ಕುಳಿತು ಜನರ ಕಷ್ಟ ಕೇಳುತ್ತಾರೆ. ಅದನ್ನು ಸರ್ಜರಿ ಎನ್ನುತ್ತಾರೆ. ವೀಸಾ ತಡವಾದದ್ದು, ಬಾಡಿಗೆ ಮನೆಯ ಗೋಡೆಯಲ್ಲಿ ಬೂಷ್ಟು ಬಂದದ್ದು, ಮಾತು ಬಾರದ ಮಗುವಿಗೆ ಸರಿಯಾದ ಶಾಲೆ ಸಿಗದಿರುವುದು, ಹೀಗೆ ಬರುವವರು ತರಹೇವಾರಿ. ಪತ್ರ ಬರೆದು ಬೆನ್ನು ಹತ್ತಲು ಕಚೇರಿಯಲ್ಲಿ ಸಂಬಳದ ಸಿಬ್ಬಂದಿ ಇರುತ್ತಾರೆ. ಅವರ ಖರ್ಚು ಸಾರ್ವಜನಿಕ ಹಣದಿಂದ ಬರುತ್ತದೆ. ಆ ಹಣದಲ್ಲಿ ಪಕ್ಷದ ಪ್ರಚಾರ ಮಾಡುವ ಹಾಗಿಲ್ಲ.

ನಾನು ಇನ್ನೂ ಭಾರತದ ಪಾಸ್‌ಪೋರ್ಟಿನವನು. ಆದರೂ ಇಲ್ಲಿ ನೆಲೆಸಿರುವ ಕಾಮನ್‌ವೆಲ್ತ್ ಪ್ರಜೆ ಎನ್ನುವ ಕಾರಣಕ್ಕೆ ಇಲ್ಲಿನ ಪಾರ್ಲಿಮೆಂಟಿಗೆ ವೋಟು ಹಾಕಬಹುದು. ನನ್ನ ಸ್ವಂತ ಊರಿನಲ್ಲಿ ಹಾಕಬೇಕಾದರೆ ಹೊರನಾಡ ಮತದಾರ ಎಂದು ಹೆಸರು ನೋಂದಾಯಿಸಿ, ವೋಟಿನ ದಿನ ಖುದ್ದಾಗಿ ಬೂತಿನ ಮುಂದೆ ನಿಲ್ಲಬೇಕು. ಇದು ನನ್ನಂಥ ಎಷ್ಟೋ ಜನರ ನೋವು. ಅದನ್ನು ಇನ್ನೊಮ್ಮೆ ಬರೆಯುತ್ತೇನೆ.

ಹಾಳೆ ಬಂದ ವಾರವೇ ಭಾವನಿಗೆ ಫೋನ್ ಮಾಡಿದೆ. ನಮ್ಮದು ಮಧ್ಯ ಕರ್ನಾಟಕದ ಬಯಲುಸೀಮೆ.

"ಭಾವ, ನಮ್ಮ ಎಂಪಿ ಹೋದ ತಿಂಗಳು ಏನು ಮಾಡಿದ್ರು?"

"ಏನು ಮಾಡಿದ್ರು ಅಂದ್ರೆ? ಬಂದಿದ್ರಪ್ಪ. ನಮ್ಮ ಬೀದಿ ಕೊನೇ ಮನೆಯವರ ಮದುವೆಗೆ ಬಂದು ಅಕ್ಷತೆ ಹಾಕಿ ಹೋದ್ರು. ಆಮೇಲೆ ಕೆರೆ ಹತ್ರ ರೋಡಿಗೆ ಗುದ್ದಲಿ ಪೂಜೆ."

"ಅದಲ್ಲ, ದಿಲ್ಲಿಯಲ್ಲಿ?"

"ದಿಲ್ಲೀಲಿ ಏನು ಮಾಡಿದ್ರು ಅಂತ ನನಗೆ ಹೆಂಗಪ್ಪಾ ಗೊತ್ತಾಗ್ಬೇಕು?"

ಭಾವ ಪೇಪರ್ ಓದದವರಲ್ಲ. ಬೆಳಗ್ಗೆ ಎದ್ದು ಎರಡು ಪೇಪರ್ ಓದುತ್ತಾರೆ. ಪಕ್ಷಗಳ ಒಳಜಗಳ, ಯಾರು ಯಾರ ಮನೆಗೆ ಊಟಕ್ಕೆ ಹೋದರು, ಮುಂದಿನ ಸಲ ಟಿಕೆಟ್ ಯಾರಿಗೆ, ಎಲ್ಲ ನಾಲಿಗೆ ತುದಿಯಲ್ಲಿದೆ. ತಾವು ಆರಿಸಿದವರು ಲೋಕಸಭೆಯಲ್ಲಿ ಏನು ಕೇಳಿದರು ಎನ್ನುವುದು ಮಾತ್ರ ಅವರನ್ನು ಮುಟ್ಟಿಲ್ಲ.

ನಮ್ಮ ಕಡೆ ಕೇಳಲು ವಿಷಯವಿಲ್ಲವೇ? ಭದ್ರಾ ಮೇಲ್ದಂಡೆ ಒಂದೇ ಸಾಕು. ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಈ ನಾಲ್ಕು ಜಿಲ್ಲೆಗಳ ಸುಮಾರು 2.25 ಲಕ್ಷ ಹೆಕ್ಟೇರಿಗೆ ನೀರು ಕೊಡುವ, ಕೆರೆ ತುಂಬಿಸುವ ಯೋಜನೆ. ಬೋರ್‌ವೆಲ್ ಎಷ್ಟು ಆಳ ಕೊರೆದರೂ ಫ್ಲೋರೈಡ್ ನೀರೇ ಸಿಗುವ ಹಳ್ಳಿಗಳು ಅಲ್ಲಿವೆ. 2023ರ ಫೆಬ್ರವರಿ 1ರಂದು ಕೇಂದ್ರ ಬಜೆಟ್ಟಿನಲ್ಲಿ ಇದಕ್ಕೆ 5,300 ಕೋಟಿ ರೂಪಾಯಿ ಎಂದು ಘೋಷಿಸಿದರು. ಅವತ್ತು ಊರಲ್ಲಿ ಪಟಾಕಿ ಹೊಡೆದರು. ಆಮೇಲೆ ಆ ದುಡ್ಡು ಬಂದಿಲ್ಲ ಎಂದು ರಾಜ್ಯ ಸರ್ಕಾರ ಹೇಳುತ್ತಲೇ ಇದೆ. ಯಾಕೆ ಬಂದಿಲ್ಲ, ಯಾವ ಕಾಗದ ಎಲ್ಲಿ ನಿಂತಿದೆ, ಯಾರು ಏನು ಕೇಳಿದರು, ಮಂತ್ರಿ ಏನು ಉತ್ತರ ಕೊಟ್ಟರು ಎನ್ನುವುದು ಒಂದು ಪುಟದಲ್ಲಿ, ಕನ್ನಡದಲ್ಲಿ, ನಮ್ಮ ಭಾವನ ಕೈಗೆ ಸಿಗಬೇಕು. ಒಂದು ಪಕ್ಷದವರು ಮೈಕಿನಲ್ಲಿ ಒಂದು ಹೇಳುತ್ತಾರೆ, ಇನ್ನೊಂದು ಪಕ್ಷದವರು ಇನ್ನೊಂದು ಹೇಳುತ್ತಾರೆ. ಅಡಕೆ ತೋಟ ಒಣಗಿಸಿಕೊಂಡವನು ಯಾರನ್ನು ನಂಬಬೇಕು?

ಹಾಗಂತ ದಾಖಲೆ ಇಲ್ಲ ಎಂದಲ್ಲ. ಲೋಕಸಭೆಯಲ್ಲಿ ದಿನಕ್ಕೆ 20 ಪ್ರಶ್ನೆ ಬಾಯಿಮಾತಿನ ಉತ್ತರಕ್ಕೆ, 230 ಪ್ರಶ್ನೆ ಲಿಖಿತ ಉತ್ತರಕ್ಕೆ ಪಟ್ಟಿಯಾಗುತ್ತವೆ. ಎಲ್ಲವೂ ಸಂಸತ್ತಿನ ಜಾಲತಾಣದಲ್ಲಿ ಸಿಗುತ್ತವೆ. ಕರ್ನಾಟಕದ ಸಂಸದರು ಕೇಳಿದ ಒಳ್ಳೆಯ ಪ್ರಶ್ನೆಗಳನ್ನು ನಾನೇ ಅಲ್ಲಿ ಓದಿದ್ದೇನೆ. ಆದರೆ ಇಂಗ್ಲಿಷ್ ಮತ್ತು ಹಿಂದಿಯ ಪಿಡಿಎಫ್‌ಗಳಲ್ಲಿ, ಸಚಿವಾಲಯ ಯಾವುದು, ತಾರೀಕು ಯಾವುದು ಎಂದು ಗೊತ್ತಿದ್ದವರಿಗೆ ಮಾತ್ರ ಬೇಗ ಸಿಗುವ ಹಾಗಿವೆ. ಹಾಳಾಗಿ ಹೋದ ರೋಡಿಗೆ ಗುದ್ದಲಿ ಹಾಕಿದರೆ ಅಂಗೈ ಅಗಲದ ಫೋಟೋ ಪೇಪರಿನಲ್ಲಿ ಬರುತ್ತದೆ. ನಾಲ್ಕು ಜಿಲ್ಲೆಯ ನೀರಿನ ಬಗ್ಗೆ ಕೇಳಿದ ಪ್ರಶ್ನೆ ಪಿಡಿಎಫ್‌ನಲ್ಲಿ ಮಲಗಿರುತ್ತದೆ. ಒಳ್ಳೆ ಕೆಲಸ ಮಾಡಿದ ಸಂಸದರಿಗೂ ಇದರಿಂದ ಅನ್ಯಾಯವಲ್ವಾ?

ಓಟಿನ ವಿಷಯ ಇನ್ನೂ ಬೇಸರದ್ದು. ಇಲ್ಲಿ ಮತ ಎಣಿಕೆಗೆ ಹೋದಾಗಲೆಲ್ಲ ಎಂಪಿಗಳು ಎದ್ದು ಹೌದು ಅಥವಾ ಅಲ್ಲ ಎನ್ನುವ ಕಡೆಗೆ ನಡೆದು ಹೋಗುತ್ತಾರೆ. ಒಬ್ಬೊಬ್ಬರ ಹೆಸರೂ ಪ್ರಕಟವಾಗುತ್ತದೆ. ನಮ್ಮಲ್ಲಿ ಹೆಚ್ಚಿನ ಮಸೂದೆಗಳು ಧ್ವನಿಮತದಲ್ಲಿ ಮುಗಿದುಹೋಗುತ್ತವೆ. ಯಾರು ಹೌದು ಎಂದರು, ಯಾರು ಸುಮ್ನೆ ಕೂತಿದ್ದರು, ಗೊತ್ತಾಗುವುದಿಲ್ಲ. ಜೊತೆಗೆ 1985ರ ಪಕ್ಷಾಂತರ ನಿಷೇಧ ಕಾನೂನು ಇದೆ. ವಿಪ್, ಅಂದರೆ ಹೀಗೇ ಓಟು ಹಾಕಿ ಎನ್ನುವ ಪಕ್ಷದ ಆದೇಶ, ಮೀರಿ ಓಟು ಹಾಕಿದರೆ ಸ್ಥಾನವೇ ಹೋಗಬಹುದು. ಇಲ್ಲಿ 2024ರ ಜುಲೈನಲ್ಲಿ ಆಡಳಿತ ಪಕ್ಷದ 7 ಮಂದಿ ಮಕ್ಕಳ ಭತ್ಯೆ ವಿಷಯದಲ್ಲಿ ತಮ್ಮದೇ ಸರ್ಕಾರದ ವಿರುದ್ಧ ಓಟು ಹಾಕಿದರು. ಅವರನ್ನು ಪಕ್ಷದ ಸಂಸದೀಯ ಗುಂಪಿನಿಂದ ಅಮಾನತು ಮಾಡಿದರು. ಆದರೆ ಎಂಪಿ ಸ್ಥಾನ ಹೋಗಲಿಲ್ಲ. ತಮ್ಮ ಕ್ಷೇತ್ರಕ್ಕೆ ಹೋಗಿ ಯಾಕೆ ಹೀಗೆ ಮಾಡಿದೆ ಎಂದು ಜನರ ಮುಂದೆ ಹೇಳಲು ಅವರಿಗೆ ಅವಕಾಶ ಉಳಿಯಿತು. ಪಕ್ಷಾಂತರ ಕಾನೂನು ಯಾಕೆ ಬಂತು ಅಂತ ನಮಗೆಲ್ಲ ಗೊತ್ತು, ರೆಸಾರ್ಟ್ ರಾಜಕೀಯ ಕಂಡವರು ನಾವು. ಆದರೆ ಸರ್ಕಾರ ಬೀಳಿಸುವ ಓಟಿಗೂ ಸಾಮಾನ್ಯ ಮಸೂದೆಯ ಓಟಿಗೂ ಒಂದೇ ಶಿಕ್ಷೆ ಯಾಕೆ? ಸ್ವಂತ ಬುದ್ಧಿಯಿಂದ ಓಟು ಹಾಕಲಾಗದವರನ್ನು, ಯಾಕೆ ಹಾಗೆ ಹಾಕಿದಿರಿ ಎಂದು ಹೇಗೆ ಕೇಳುವುದು?

ತಪ್ಪು ಅವರದಷ್ಟೇ ಅಲ್ಲ. ನಾವು ಕೇಳುವುದಾದರೂ ಏನನ್ನು? ಸಿಸಿ ರಸ್ತೆ, ಹೈಮಾಸ್ಟ್ ದೀಪ, ಸಮುದಾಯ ಭವನ, ದೇವಸ್ಥಾನದ ಕಾಂಪೌಂಡು. ಸಂಸದರ ನಿಧಿ ವರ್ಷಕ್ಕೆ 5 ಕೋಟಿ. ಎಂಟು ವಿಧಾನಸಭಾ ಕ್ಷೇತ್ರಗಳಿಗೆ ಹಂಚಿದರೆ ಒಂದಕ್ಕೆ ಅರವತ್ತು ಲಕ್ಷದ ಆಸುಪಾಸು. ಅದರಲ್ಲಿ ಎಷ್ಟು ಊರಿನ ಮೋರಿ ಕಟ್ಟಿಸಬಹುದು? ಕೇಂದ್ರೀಯ ವಿದ್ಯಾಲಯದಲ್ಲಿ ಸಂಸದರ ಕೋಟಾ ಎಂದು ವರ್ಷಕ್ಕೆ 10 ಸೀಟು ಇತ್ತು. 2022ರಲ್ಲಿ ಅದನ್ನು ತೆಗೆದರು. ಅಲ್ಲಿಯವರೆಗೆ ಆ ಹತ್ತು ಸೀಟಿಗಾಗಿ ಎಷ್ಟು ಜನ ಮನೆ ಬಾಗಿಲು ಕಾಯುತ್ತಿದ್ದರು ಎಂದು ಯಾವ ಸಂಸದರ ಪಿಎಯನ್ನು ಕೇಳಿದರೂ ಹೇಳಿಯಾರು. ಕಾನೂನು ಮಾಡಲು ಕಳಿಸಿದವರನ್ನು ಸೀಟು ಕೊಡಿಸುವವರನ್ನಾಗಿ ಮಾಡಿಕೊಂಡವರು ನಾವೇ. ಮದುವೆಗೆ ಬರದಿದ್ದರೆ ಮುನಿಸಿಕೊಳ್ಳುತ್ತೇವೆ. ಅಧಿವೇಶನಕ್ಕೆ ಹೋಗದಿದ್ದರೆ ಕೇಳುವುದಿಲ್ಲ. ಹಿಂದಿನ ಲೋಕಸಭೆ, ಅಂದರೆ 17ನೆಯದು, ಐದು ವರ್ಷದಲ್ಲಿ ಸೇರಿದ್ದು 274 ದಿನ. ಬ್ರಿಟನ್ನಿನ ಕಾಮನ್ಸ್ ಸಭೆ ಒಂದೇ ವರ್ಷದಲ್ಲಿ ಸುಮಾರು 150 ದಿನ ಸೇರುತ್ತದೆ. ಊರಿನ ಯಾವ ಕಟ್ಟೆಯ ಮೇಲೂ ಈ ಮಾತು ಬಂದದ್ದನ್ನು ನಾನು ಕೇಳಿಲ್ಲ.

ಇಷ್ಟು ಬರೆದ ಮೇಲೆ ಒಪ್ಪಬೇಕಾದ ಮಾತುಗಳೂ ಇವೆ. ಇಲ್ಲಿ ಒಬ್ಬ ಎಂಪಿಗೆ ಸಾಮಾನ್ಯವಾಗಿ 70ರಿಂದ 77 ಸಾವಿರ ಮತದಾರರು. ನಮ್ಮ ರಾಜ್ಯದಲ್ಲಿ 28 ಸಂಸದರು, ಐದೂವರೆ ಕೋಟಿಯ ಹತ್ತಿರ ಮತದಾರರು. ಸರಾಸರಿ ಒಬ್ಬರಿಗೆ 19 ಲಕ್ಷದ ಮೇಲೆ. ಬೆಂಗಳೂರು ಉತ್ತರದಲ್ಲಂತೂ 30 ಲಕ್ಷಕ್ಕೂ ಹೆಚ್ಚು. ಅಷ್ಟು ಮನೆಗೆ ಹಾಳೆ ಹಂಚುವುದು, ಅಷ್ಟು ಪತ್ರಕ್ಕೆ ಉತ್ತರ ಬರೆಯುವುದು ಯಾರ ಕೈಯಲ್ಲೂ ಆಗದ ಕೆಲಸ. ಇಲ್ಲಿನ ಅಳತೆಯಲ್ಲಿ ನೋಡಿದರೆ ನಮ್ಮ ಒಬ್ಬ ಎಂಎಲ್‌ಎಗೇ ಎರಡು ಲಕ್ಷ ದಾಟಿದ ಜನ.

ಇಲ್ಲಿನ ವರದಿ ಪೂರ್ತಿ ಸತ್ಯವೂ ಅಲ್ಲ. ತಮಗೆ ಬೇಕಾದ್ದನ್ನು ದೊಡ್ಡದಾಗಿ ಬರೆದು, ಬೇಡದ್ದನ್ನು ಬಿಡುತ್ತಾರೆ. ಆಮೇಲಿನ ತಿಂಗಳುಗಳಲ್ಲಿ ಗಮನಿಸಿದೆ. ರಸ್ತೆ ಗುಂಡಿ ಮುಚ್ಚಿದ್ದು ಊರಿನ ಸ್ಥಳೀಯ ಆಡಳಿತವಾದ ಕೌನ್ಸಿಲ್, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡದ್ದು ಎಂಪಿ. ವಿಪ್ ಹೇಳಿದಂತೆ ಹಾಕಿದ ಎಷ್ಟೋ ಓಟುಗಳ ಬಗ್ಗೆ ಒಂದು ಸಾಲೂ ಇರಲಿಲ್ಲ. ಜನರೂ ಓದುತ್ತಾರೆ ಎಂದೇನಿಲ್ಲ. ನನ್ನ ಆಫೀಸಿನ ಕೆಲವರಿಗೆ ತಮ್ಮ ಎಂಪಿಯ ಹೆಸರೇ ಗೊತ್ತಿರಲಿಲ್ಲ. 2021ರ ಅಕ್ಟೋಬರಿನಲ್ಲಿ ಡೇವಿಡ್ ಏಮೆಸ್ ಎಂಬ ಹಿರಿಯ ಎಂಪಿಯನ್ನು ಸರ್ಜರಿ ನಡೆಯುತ್ತಿದ್ದ ಚರ್ಚಿನಲ್ಲೇ ಇರಿದು ಕೊಂದರು. ಅದಕ್ಕೆ ಐದು ವರ್ಷ ಮೊದಲು ಜೋ ಕಾಕ್ಸ್ ಕೂಡ ಸರ್ಜರಿಗೆ ಬಂದಾಗಲೇ ಹತ್ಯೆಯಾದರು. ಹಾಗಾಗಿ ಈಗ ಹೆಚ್ಚಿನ ಕಡೆ ಮೊದಲೇ ಹೆಸರು ಕೊಟ್ಟು, ಸಮಯ ತೆಗೆದುಕೊಂಡು ಹೋಗಬೇಕು. ನಮ್ಮಲ್ಲಿ ಹಾಗಿಲ್ಲ. ಬೆಳಗ್ಗೆ ಆರಕ್ಕೆ ಸಂಸದರ ಮನೆ ಮುಂದೆ ಹೋಗಿ ನಿಂತರೆ ಯಾರೂ ಪೋಸ್ಟ್‌ಕೋಡ್ ಕೇಳುವುದಿಲ್ಲ. ಕಾಫಿಯೂ ಸಿಕ್ಕೀತು. ನಮ್ಮ ಸಂಬಂಧಿಕರೊಬ್ಬರ ಹೃದಯದ ಆಪರೇಷನ್ನಿಗೆ ಪ್ರಧಾನಿ ಪರಿಹಾರ ನಿಧಿಯಿಂದ ಹಣ ಬಂದದ್ದು ಸಂಸದರು ಕೊಟ್ಟ ಒಂದು ಪತ್ರದಿಂದ. ಅಪ್ಪ ತೀರಿಕೊಂಡಾಗ ನಮ್ಮ ಹಿಂದಿನ ಸಂಸದರು ಬಂದು ಜಗಲಿ ಮೇಲೆ ಕೂತು ಅಮ್ಮನ ಹತ್ತಿರ ಮಾತಾಡಿ ಹೋಗಿದ್ದರು. ಅವರ ಪಕ್ಷಕ್ಕೆ ನಮ್ಮ ಮನೆಯಲ್ಲಿ ಯಾರೂ ವೋಟು ಹಾಕಿದವರಲ್ಲ. ಅದು ಅವರಿಗೂ ಗೊತ್ತಿತ್ತು. ಇಲ್ಲಿ ಅಂಥದ್ದನ್ನು ಯಾರೂ ನಿರೀಕ್ಷಿಸುವುದೇ ಇಲ್ಲ. ಅಮ್ಮ ಇವತ್ತಿಗೂ ಆ ದಿನವನ್ನು ನೆನೆಯುತ್ತಾರೆ. ಅದಕ್ಕೆ ಬೆಲೆ ಇಲ್ಲ ಎಂದು ನಾನು ಹೇಳಲಾರೆ.

ಆದರೂ ಲೆಕ್ಕ ಕೇಳುವುದನ್ನು ಬಿಡಬೇಕಿಲ್ಲ. ಅದು ನಮಗೆ ಹೊಸದೂ ಅಲ್ಲ. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ವರ್ಷಕ್ಕೊಮ್ಮೆ ಜಮಾಬಂದಿ ನಡೆಯಬೇಕು. ಎಷ್ಟು ಹಣ ಬಂತು, ಯಾವ ಕಾಮಗಾರಿಗೆ ಹೋಯಿತು ಎನ್ನುವುದನ್ನು ಊರವರ ಮುಂದೆ ಓದಬೇಕು. ಕೆಲವು ಕಡೆ ಶಾಸ್ತ್ರಕ್ಕೆ ಮಾಡುತ್ತಾರೆ, ನಿಜ. ನಮ್ಮ ಪಂಚಾಯಿತಿಯಲ್ಲಿ ಮಾತ್ರ ಒಂದು ಸಲ ಹೆಂಗಸರೆಲ್ಲ ಸೇರಿ, ಕಾಗದದಲ್ಲಿದ್ದ ನೀರಿನ ತೊಟ್ಟಿ ಎಲ್ಲಿದೆ ತೋರಿಸಿ ಎಂದು ಅಧಿಕಾರಿಗಳನ್ನು ನಡೆಸಿಕೊಂಡು ಹೋಗಿದ್ದರು. ಪಂಚಾಯಿತಿ ಸದಸ್ಯರಿಗೆ ಇರುವ ಈ ನಿಯಮ ಸಂಸದರಿಗೆ ಯಾಕಿರಬಾರದು? 19 ಲಕ್ಷ ಮತದಾರರ ಮನೆಗೆಲ್ಲ ಹಾಳೆ ಬೇಡ. ಬಜೆಟ್, ಮಳೆಗಾಲ, ಚಳಿಗಾಲ ಎಂದು ಅಧಿವೇಶನಗಳು ಮೂರು. ಒಂದೊಂದು ಮುಗಿದ ಮೇಲೂ ಕನ್ನಡದಲ್ಲಿ ಎರಡು ಪುಟ ಬರೆದು ಪಂಚಾಯಿತಿ ಕಚೇರಿಯ ಬೋರ್ಡಿಗೆ ಅಂಟಿಸಲಿ, ವಾಟ್ಸಾಪಿನಲ್ಲಿ ಬಿಡಲಿ. ಜೊತೆಗೆ ವರ್ಷಕ್ಕೊಮ್ಮೆ ತಾಲೂಕು ಕೇಂದ್ರದಲ್ಲಿ ಕೂತು ಅದನ್ನು ಓದಿ, ಜನರ ಪ್ರಶ್ನೆಗೆ ಉತ್ತರ ಕೊಡಲಿ. ಹಾರ, ಶಾಲು, ಪೇಟ ಬೇಡ. ಭಾವನಿಗೆ ಇದನ್ನು ಹೇಳಿದಾಗ ಅವರು ಸ್ವಲ್ಪ ಹೊತ್ತು ಯೋಚಿಸಿ, ಹಾಗೇನಾದರೂ ಆದರೆ ಭದ್ರಾ ನೀರಿನ ಬಗ್ಗೆ ಮೊದಲ ಪ್ರಶ್ನೆ ತಮ್ಮದೇ ಎಂದರು.